ಪಾದ ಮುಳುಗುವಷ್ಟು ನೀರು

ಮೊನ್ನೆ ನನ್ನ ಅಕ್ಕನ ಮಗಳು ತನ್ನ ಮೊಮ್ಮಗುವಿಗೆ ಹಚ್ಚಲು ಔಡಲೆಣ್ಣೆ ಬಿಸಿ ಮಾಡುತ್ತಿದ್ದಳು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಸೂಲಗಿತ್ತಿ ಆಯಿಯ ನೆನಪಾಯಿತು. ಅವಳ ಸೀರೆ, ಅವಳ ಗಂಟು, ಅವಳ ಕೈ, ಎಲ್ಲಕ್ಕೂ ಅದೇ ವಾಸನೆ. ಹೆಸರು ಏನಿತ್ತೋ... ಕೇಳಿದವರೇ ಇಲ್ಲ. ಆಯಿ ಅಂದರೆ ಅವಳೇ.

ಹಿರೇಕೆರೂರಿನ ಕಡೆಯ ಒಂದು ಗುಡ್ಡದ ಈಚೆ ನಮ್ಮೂರು, ಆಚೆ ಅವಳೂರು. ನಡುವೆ ಒಂದು ಕಾಲುದಾರಿ. ಸ್ವಾತಂತ್ರ್ಯ ಬರುವುದಕ್ಕೆ ಏಳೆಂಟು ವರ್ಷ ಮೊದಲಿನ ಮಾತು. ಹೆರಿಗೆ ಬಂತೆಂದರೆ ಗುಡ್ಡ ಹತ್ತಿ ಅವಳನ್ನು ಕರೆತರಬೇಕು. ಅವಳೋ, ಕಲ್ಲಿನ ಮೇಲೆ ಮೊದಲು ಕೋಲು ಊರಿ ನೋಡುತ್ತಿದ್ದಳು, ಆಮೇಲೆ ಕಾಲು. ಗುಡುಗಿದರೆ ಒಂಟಿ ಮರದ ಕೆಳಗೆ ಯಾರನ್ನೂ ನಿಲ್ಲಗೊಡುತ್ತಿರಲಿಲ್ಲ. ತಗ್ಗು ಹುಡುಕಿ ಕುಕ್ಕರಗಾಲಲ್ಲಿ ಕೂರಿಸುತ್ತಿದ್ದಳು. ಇವಳ ಜೊತೆ ಹೊರಟರೆ ಕೂಸು ನಡೆಯಲು ಕಲಿತ ಮೇಲೆ ಮನೆ ಮುಟ್ಟುತ್ತೇವೆ ಅಂತ ನಾವು ನಗುತ್ತಿದ್ದೆವು.

ಅಕ್ಕ ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಳು. ಮುಂಗಾರು ಶುರುವಾಗುವ ಮಿರಗದ ಮಳೆಯ ದಿನಗಳು. ಒಂದು ದಿನ ಬೆಳಗಾಗುವಷ್ಟರಲ್ಲಿ ಬೇನೆ ಜೋರಾಯಿತು. ಅಪ್ಪ ಗಾಡಿ ಕಟ್ಟಿಕೊಂಡು ರಟ್ಟೀಹಳ್ಳಿಗೆ ಹೋಗಿದ್ದ. ಹದಿನಾರರ ನಾನೇ ಓಡಿದೆ. ಆಯಿ ತಡಮಾಡದೆ ಹೊರಟಳು. ನೆತ್ತಿ ದಾಟಿ ಈಚೆ ಇಳಿಯುವಾಗ ಗುಡ್ಡದ ಸಂದಿಯಲ್ಲಿ ಒಂದು ಹಳ್ಳ. ಅದರಲ್ಲಿ ಪಾದ ಮುಳುಗುವಷ್ಟು ನೀರಿತ್ತು. ನಮ್ಮ ತಲೆಯ ಮೇಲೆ ಬಿಸಿಲು. ದೂರ ಕೆಳಗೆ ನಮ್ಮೂರಿನ ಹೊಗೆ ಕಾಣುತ್ತಿತ್ತು.

ಆಯಿ ನಿಂತುಬಿಟ್ಟಳು. ನೀರು ಕೆಂಪಗಾಗಿತ್ತು, ತರಗೆಲೆ, ಕಡ್ಡಿ ತೇಲಿ ಬರುತ್ತಿದ್ದವು. ಹಿಂದೆ ಗುಡ್ಡದ ನೆತ್ತಿ ಮೋಡ ಕವಿದು ಕಪ್ಪಗಿತ್ತು.

"ಇಳಿಬ್ಯಾಡ ತಂಗಿ. ಮ್ಯಾಲ ಮಳಿ ಆಗೇತಿ, ನೀರು ಬರಾಕತ್ತೇತಿ."

"ನಾಕ ಹೆಜ್ಜಿ ಐತಿ ಆಯಿ! ಅಕ್ಕ ಒದ್ದಾಡಾಕತ್ತಾಳ!"

ನೀರಿಗೆ ಕಾಲಿಟ್ಟೆ. ಅವಳು ನನ್ನ ರಟ್ಟೆ ಹಿಡಿದು ಹಿಂದಕ್ಕೆ ಎಳೆದಳು. ಕೊಸರಾಡಿದೆ, ಬಾಯಿಗೆ ಬಂದಂತೆ ಬೈದೆ. ಅಷ್ಟರಲ್ಲಿ ನೀರು ಬಂತು. ಕಲ್ಲು ಉರುಳಿಸುತ್ತ, ಬೇರುಸಮೇತ ಕಿತ್ತ ಗಿಡಗಳನ್ನು ಹೊತ್ತುಕೊಂಡು, ಆಳು ಮುಳುಗುವಷ್ಟು. ನಾನು ಕಾಲಿಟ್ಟಿದ್ದ ಜಾಗ ಯಾವುದೆಂದೇ ತಿಳಿಯಲಿಲ್ಲ. ಆ ಹಳ್ಳ ಊರ ಕಡೆ ಹರಿಯುವುದಲ್ಲ. ಏರಿದ್ದನ್ನು ಕಂಡವರು ನಾವಿಬ್ಬರೇ.

ನೀರು ಇಳಿಯುವಾಗ ಮಧ್ಯಾಹ್ನ ಕಳೆದಿತ್ತು. ಅಲ್ಲಿಯವರೆಗೂ ಅವಳು ನನ್ನ ಕೈ ಬಿಟ್ಟಿರಲಿಲ್ಲ.

ಮನೆ ಮುಟ್ಟಿದಾಗ ಕೂಸು ಹುಟ್ಟಿತ್ತು, ಓಣಿಯ ಹೆಂಗಸರೇ ಹೆರಿಗೆ ಮಾಡಿಸಿದ್ದರು. ರಕ್ತ ನಿಲ್ಲಿಸುವುದು ಅವರಿಗೆ ತಿಳಿದಿರಲಿಲ್ಲ. ಅಕ್ಕ ಹೋಗಿಬಿಟ್ಟಿದ್ದಳು. ನನಗೆ ಅಳು ಬರಲಿಲ್ಲ. ನನ್ನ ಕೆಸರುಗಾಲು ನೋಡುತ್ತ ಬಾಗಿಲಲ್ಲಿ ನಿಂತಿದ್ದೆ.

"ಇಷ್ಟ್ಯಾಕ ಹೊತ್ತಾತು?" ಅಂತ ಅವ್ವ ಕೇಳಿದಳು.

"ಹಳ್ಳದಾಗ ಪಾದ ಮುಳಗೂವಷ್ಟ ನೀರಿತ್ತು. ಆಯಿ ಅಂಜಿ ನಿಂತ್ಲು," ಅಂದೆ.

ಅಷ್ಟೇ ಅಂದೆ. ಆಮೇಲೆ ಬಂದ ನೀರಿನ ಮಾತು ಎತ್ತಲಿಲ್ಲ. ಯಾರ ಮೇಲಾದರೂ ಸಿಟ್ಟು ಬೇಕಿತ್ತು, ಅವಳು ಎದುರಿಗಿದ್ದಳು. ಆಯಿ ನನ್ನ ಮುಖವನ್ನೇ ನೋಡಿದಳು. ಕೂಸಿಗೆ ನೀರೆರೆದು, ಬಟ್ಟೆಯಲ್ಲಿ ಸುತ್ತಿ, ಅವ್ವನ ಮಡಿಲಿಗೆ ಹಾಕಿ ಎದ್ದು ಹೋದಳು.

ಮಾತು ಊರೆಲ್ಲ ಹಬ್ಬಿತು. ಅಂಜುಬುರುಕ ಸೂಲಗಿತ್ತಿ ನಮಗೆ ಬೇಡವೆಂದು ಅವಳನ್ನು ಕರೆಯುವುದನ್ನೇ ಬಿಟ್ಟರು. ಕೊನೆಗೆ ತಡಸ ಎಂಬ ಊರಿನಲ್ಲಿದ್ದ ಮಗಳ ಮನೆ ಸೇರಿದಳಂತೆ, ಅಲ್ಲೇ ತೀರಿಕೊಂಡಳಂತೆ... ಸುದ್ದಿ ಬಂದಾಗ ನಾನು ರೊಟ್ಟಿ ಬಡಿಯುತ್ತಿದ್ದೆ. ಬಡಿಯುತ್ತಲೇ ಇದ್ದೆ.

ಅಂದು ಹುಟ್ಟಿದ ಕೂಸೇ ಈ ಅಕ್ಕನ ಮಗಳು. ಸಾಕಿದವಳು ನಾನು. ಮೊನ್ನೆ ಅವಳಿಗೆ ಇದೆಲ್ಲವನ್ನೂ ಮೊದಲ ಸಲ ಹೇಳಿದೆ. ಎಣ್ಣೆಯ ಬಟ್ಟಲು ಕೆಳಗಿಟ್ಟಳು.

"ಆಕಿ ಅಂಜಿದ್ದಕ್ಕ ನಮ್ಮವ್ವ ಸತ್ಲು ಅಂತ ನನ್ನ ಮಕ್ಕಳಿಗೆಲ್ಲಾ ಹೇಳೇನಲ್ಲ ಚಿಗವ್ವ," ಅಂದಳು.

ಹೇಳಿದ್ದಳು. ನನ್ನ ಎದುರಿಗೇ, ಎಷ್ಟೋ ಸಲ. ನಾನು ಪಕ್ಕದಲ್ಲೇ ಕೂತು ಕೇಳಿದ್ದೆ. ಈಗ ತಪ್ಪಾಯಿತು ಎನ್ನೋಣವೆಂದರೆ ಆಯಿ ಇಲ್ಲ.