ಆಷಾಢದಲ್ಲಿ ಕಡಲು ಸುಮ್ಮನಿದ್ದರೆ

ಬಿಸಿಲಿಗೆ ಹೆದರಿದ ಕರಾವಳಿಯವನನ್ನು ನೋಡಿದ್ದೀರಾ? ನಾನೇ ಅವನು. ಅದೂ ಆಷಾಢದ ಬಿಸಿಲಿಗೆ.

ನಮ್ಮ ತೆಕ್ಕಟ್ಟೆಯಲ್ಲಿ ಈ ಹೊತ್ತಿಗೆ ಕೊಡೆ ಮಡಚುವ ಹಾಗಿರುವುದಿಲ್ಲ. ಈ ಸಲ ಜೂನ್‌ನಲ್ಲಿ ಒಂದಿಷ್ಟು ಗಾಳಿ-ಮಳೆ ಕುಣಿಯಿತು. ಆಮೇಲೆ ಬಾನು ಬೋಳು. ನನ್ನ ಹೆಂಡತಿ ಅಂಗಳದಲ್ಲಿ ಹಪ್ಪಳ ಒಣಗಿಸಿದಳು. (ಆಷಾಢದಲ್ಲಿ ಹಪ್ಪಳ, ಕೇಳಿದ್ದೀರಾ?)

ಕೋಡಿಯಲ್ಲಿರುವ ನನ್ನ ಭಾವ, ಅಂದರೆ ತಂಗಿ ಗಿರಿಜೆಯ ಗಂಡ, ನಾಡದೋಣಿಯವರು. ಮಳೆಗಾಲದಲ್ಲಿ ದೊಡ್ಡ ಬೋಟುಗಳಿಗೆ ರಜೆ, ಇವರಿಗೆ ಸೀಸನ್. ಆದರೆ ಒಂದು ಕಟ್ಟುಪಾಡಿದೆ. ಮೊದಲು ತೂಫಾನ್ ಆಗಬೇಕು, ಕಡಲು ತಳದಿಂದ ಕದಡಬೇಕು. ಅದು ತಣಿದ ಮೇಲೆಯೇ ದೋಣಿ ಇಳಿಸುವುದು. ಸಿಗಡಿ, ಬಂಗುಡೆ ದಡದ ಹತ್ತಿರ ಬರುವುದು ಆಗಲೇ.

"ತೂಫಾನ್ ಜೂನಂಗೇ ಆಯ್ತಲ್ಲೆ. ಈಗ ಕಡಲ್ ತಣ್ದಿತ್ತ್. ಇನ್ನ್ ಎಂತ ಕಾಯುದ್?" ಎಂದರು ಭಾವ.

ನನಗೆ ಪುಕುಪುಕು. ಆ ವಾರವಷ್ಟೇ ಒಂದು ಲೇಖನ ಓದಿದ್ದೆ. ಹಿಮಾಲಯದ ಆಚೆ, ಬಹಳ ಎತ್ತರದಲ್ಲಿ, ಗಾಳಿಯ ಹೊಳೆಯೊಂದು ಅಲೆ ಅಲೆಯಾಗಿ ಭೂಮಿಯನ್ನೇ ಸುತ್ತುತ್ತದಂತೆ. ನಮ್ಮ ಮಳೆಗಾಲ ಆ ಕಡೆಯ ದೇಶಗಳಿಗೆ ಬೇಸಗೆ. ಆಗ ಕೆಲವೊಮ್ಮೆ ಆ ಅಲೆ ಮುಂದೆ ಸರಿಯದೆ ನಿಂತುಬಿಡುತ್ತದೆ. ಒಂದು ದೇಶ ವಾರಗಟ್ಟಲೆ ಬೇಯುತ್ತದೆ, ಇನ್ನೊಂದು ಮುಳುಗುತ್ತದೆ. ಅದರ ಒಂದು ಬಾಗು ನಮ್ಮ ಕಡೆ ಇಳಿದರೆ ಮುಂಗಾರು ಅರ್ಧದಲ್ಲೇ ಸೊರಗಬಹುದು. ಅಲೆ ಸರಿದಾಗ ಮಳೆ ಮತ್ತೆ ಬರುತ್ತದೆ. ಯಾವ ದಿನ? ಅದು ಮಾತ್ರ ಲೇಖನದಲ್ಲಿರಲಿಲ್ಲ.

"ಇದು ತೂಫಾನ್ ಮುಗಿದದ್ದಲ್ಲ ಭಾವ, ಮಳೆ ನಡುವೆ ನಿಂತದ್ದು" ಎಂದೆ.

ಭಾವ ನಕ್ಕರು. "ಹಿಮಾಲಯದ್ ಗಾಳಿಗೆ ಕೋಡಿಯಂಗೆ ಎಂತ ಕೆಲ್ಸ ಮಾರಾಯ್ರೆ?"

ಮೊನ್ನೆ ಬೆಳಿಗ್ಗೆ ದೋಣಿ ಇಳಿಸಿದರು. ಮಧ್ಯಾಹ್ನ ಪಡುವಣ ಕಪ್ಪಾಯಿತು. ಗಿರಿಜೆಯ ಫೋನ್ ಬಂತು. "ಅಣ್ಣ, ಗಾಳಿ ಎದ್ದಿತ್ತ್. ಇವ್ರ್ ಇನ್ನೂ ಬರ್ಲಿಲ್ಲ."

ಬೈಕ್ ಹತ್ತಿದೆ. ಕುಂಭಾಶಿ ದಾಟುವಾಗ ಅಲ್ಲಿನ ಗುಡಿಯ ವಿನಾಯಕನಿಗೆ ಕೈ ಮುಗಿಯಲು ಹ್ಯಾಂಡಲ್ ಬಿಡುವ ಧೈರ್ಯವೂ ಇರಲಿಲ್ಲ.

ಕೋಡಿಯಲ್ಲಿ, ಹೊಳೆ ಕಡಲು ಸೇರುವ ಬಾಯಲ್ಲೇ ತೆರೆ ಒಡೆಯುತ್ತಿತ್ತು. ಒಳಗೆ ಬರುವ ದಾರಿ ಅದೊಂದೇ. ದಡದಲ್ಲಿದ್ದ ಹೆಂಗಸರ ನಡುವೆ ಗಿರಿಜೆ ನಿಂತಿದ್ದಳು. ಭಾವನ ದೋಣಿ ಕಂಡಿತು, ಏರಿತು, ಮಗುಚಿತು. ಗಿರಿಜೆ ಗಟ್ಟಿಯಾಗಿ ಹಿಡಿದ ನನ್ನ ತೋಳು ಇನ್ನೂ ನೋಯುತ್ತಿದೆ. ಮೊದಲೇ ದಡ ಸೇರಿದ್ದ ಉಳಿದ ದೋಣಿಯವರು ಹಗ್ಗ ಎಸೆದು ಎಳೆದರು. ದೇವರು ದೊಡ್ಡವನು, ದೋಣಿಯಲ್ಲಿದ್ದ ಎಲ್ಲರೂ ಬದುಕಿದರು.

ಭಾವ ಮರಳ ಮೇಲೆ ಕೂತು ಉಪ್ಪುನೀರು ಕಾರಿದರು. "ಗಾಳಿ ಏಳುದ್ ನಂಗ್ ಗುರ್ತವೇ ಸಿಕ್ಲಿಲ್ಲ" ಎಂದರು. ಹುಟ್ಟಿದಾಗಿನಿಂದ ಅದೇ ಕಡಲನ್ನು ನೋಡಿದವರು ಹೀಗೆ ಹೇಳಿದ್ದು ಕೇಳಿ ನನಗೆ ದೋಣಿ ಮಗುಚಿದ್ದಕ್ಕಿಂತ ಹೆಚ್ಚು ಭಯವಾಯಿತು. ಇನ್ನು ಯಾರ ಗುರುತನ್ನು ನಂಬುವುದು?

ಇವತ್ತು ಮತ್ತೆ ಬಿಸಿಲು. ಬೆಳಿಗ್ಗೆಯೇ ಗಿರಿಜೆಯ ಫೋನ್. "ಅಣ್ಣ, ಈಗ ಕಡಲ್ ಸುಮ್ನ್ ಇತ್ತ್. ಇವ್ರ್ ಇನ್ನೊಬ್ರ್ ದೋಣಿಯಂಗೆ ಹೊರ್ಟಿದ್ರ್. ನೀವ್ ಓದ್ದವ್ರ್. ಕಳ್ಸುದಾ, ಬ್ಯಾಡ್ದಾ?"

ಹೂಂ ಎನ್ನಲೂ ಉಹೂಂ ಎನ್ನಲೂ ಹೆದರಿ ಕೂತಿದ್ದೇನೆ. ನೀವಾಗಿದ್ದರೆ ಏನು ಹೇಳುತ್ತಿದ್ದಿರಿ?