ಬೆಲ್ಜಿಯಂ ಪಿಸ್ತೂಲಿಗೆ ಕುಂಕುಮ

ಹೋದ ವಾರ ಅಕ್ಕಲಕೋಟೆಯ ಪೊಲೀಸ್ ಕಚೇರಿಯಲ್ಲಿ ನಮ್ಮ ಸೋದರಮಾವನ ಮಾನ ಹೋಯಿತು. ಅದನ್ನು ಕಳೆದದ್ದು ಕುಂಕುಮ.

ಮಾವನ ಪಿಸ್ತೂಲಿನ ಲೈಸೆನ್ಸ್ ಈ ವರ್ಷ ರಿನ್ಯೂ ಆಗಲಿಲ್ಲ. ದಸರೆ ಮುಗಿದ ಕೂಡಲೇ ಪಿಸ್ತೂಲು ತಂದು ಜಮಾ ಮಾಡಿ ಎಂದು ಹುಕುಂ ಬಂದಿತ್ತು. ಹಬ್ಬಕ್ಕೆ ಅವರ ಹಳ್ಳಿಗೆ ಹೋಗಿದ್ದ ನಾನೂ ಜೊತೆಗೆ ಹೋದೆ. ಫೌಜದಾರ ಪಿಸ್ತೂಲು ಎತ್ತಿಕೊಂಡು ಮೇಲಿನ ಸ್ಲೈಡ್ ಹಿಂದಕ್ಕೆ ಎಳೆದ. ಬರಲಿಲ್ಲ. ಎದ್ದು ನಿಂತು ಎಳೆದ. ಆಗಲೂ ಬರಲಿಲ್ಲ, ಕೆಂಪು ಪುಡಿ ಮಾತ್ರ ಅವನ ಖಾಕಿ ಅಂಗಿಯ ಮೇಲೆ ಉದುರಿತು.

“ಹೇ ಪಿಸ್ತೂಲ ಆಹೇ ಕೀ ಕುಂಕವಾಚಾ ಕರಂಡಾ?” ಎಂದ. (ಇದು ಪಿಸ್ತೂಲೋ, ಕುಂಕುಮದ ಭರಣಿಯೋ?) ಕಚೇರಿಗೆ ಕಚೇರಿಯೇ ನಕ್ಕಿತು. ಮಾವ ರಸೀದಿ ತೆಗೆದುಕೊಂಡು ಹೊರಬಂದರು.

ನಕ್ಕವರಿಗೇನು ಗೊತ್ತು, ಈ ಮನುಷ್ಯ ಯಾರು ಎಂದು?

ಹತ್ತು ಹನ್ನೆರಡು ವರ್ಷದ ಹಿಂದಿನ ಮಾತು. ಸೊಲ್ಲಾಪುರದ ನಮ್ಮ ಅರಿವೆ ಅಂಗಡಿಯಲ್ಲಿ, ಸಂಜೆ ಗಿರಣಿಯ ಭೋಂಗಾ ಕೂಗಿ ಪಾಳಿ ಬಿಟ್ಟ ಮೇಲೆ, ಒಂದು ಕಾಲೇಜು ನಡೆಯುತ್ತಿತ್ತು. ಪ್ರಿನ್ಸಿಪಾಲರು ನಮ್ಮ ಮಾವ. ಸಬ್ಜೆಕ್ಟ್ ಒಂದೇ: ಪಿಸ್ತೂಲು! ಸಂತೆಯ ದಿನ ಹಳ್ಳಿಯಿಂದ ಬಂದ ಮಾವ ಮುಂಬಯಿಯ ಬಂದೂಕಿನ ಅಂಗಡಿಗಳ ಕ್ಯಾಟಲಾಗನ್ನು ಗಾದಿಯ ಮೇಲೆ ಹರವಿ ಕೂತರೆಂದರೆ, ಗಿರಾಕಿ ಬಂದು ನಿಂತರೂ ನಮ್ಮಪ್ಪ ಏಳುತ್ತಿರಲಿಲ್ಲ.

ಅಪ್ಪನದು ಜರ್ಮನ್ ಪಕ್ಷ. ಹತ್ತು ಗುಂಡು, ಪಿಸ್ತೂಲನ್ನಿಡುವ ಮರದ ಪೆಟ್ಟಿಗೆಯನ್ನೇ ಹಿಂದೆ ಸಿಕ್ಕಿಸಿದರೆ ಬಂದೂಕು! ಪಕ್ಕದ ಮನೆಯ ವಕೀಲರದು ಇಂಗ್ಲಿಷ್ ರಿವಾಲ್ವರ್ ಪಕ್ಷ. “ಆರ ಗುಂಡು ಇರ್ಲಿ, ಆದ್ರ ಕೈ ಕೊಡೂದಿಲ್ಲ” ಎನ್ನುವರು. ಅಮೇರಿಕದ ಫೋರ್ಟಿಫೈವ್ ಓಡುವ ಕುದುರೆಯನ್ನೂ ಕೆಡವುತ್ತದೆ ಎಂದು ನಾನು ನಡುವೆ ಬಾಯಿ ಹಾಕುತ್ತಿದ್ದೆ. (ಯಾರ ಕುದುರೆ, ಯಾಕೆ ಕೆಡವಬೇಕು? ಕೇಳಬೇಡಿ.) ನಾವು ಮೂವರೂ ಜನ್ಮದಲ್ಲಿ ಒಂದು ಗುಂಡು ಹಾರಿಸಿದವರಲ್ಲ. ಅದರಿಂದ ಚರ್ಚೆಗೆ ಎಂದೂ ಅಡ್ಡಿಯಾಗಲಿಲ್ಲ.

ಅಸಲಿ ಮಾಲು ಇದ್ದದ್ದು ಮಾವನ ಹತ್ತಿರ ಮಾತ್ರ. ಬೆಲ್ಜಿಯಂ ಆಟೋಮ್ಯಾಟಿಕ್, ಪಾಯಿಂಟ್ ಥರ್ಟಿಟು. ಚಪ್ಪಟೆ, ಕರ್ರಗೆ, ಕೋಟಿನ ಜೇಬಿನಲ್ಲಿಟ್ಟರೆ ಉಬ್ಬು ಕಾಣದು. ಒಂದು ಗುಂಡು ಹಾರಿದ ಕೂಡಲೇ ಸ್ಲೈಡ್ ತಾನೇ ಹಿಂದೆ ಸರಿದು, ಖಾಲಿ ತೋಟಾ ಹೊರಗೆ ಎಸೆದು, ಹೊಸದನ್ನು ಒಳಗೆ ತಳ್ಳುವ ಪರಿಯನ್ನು ಅಂಗೈ ಮೇಲೆ ಅಂಗೈ ಜಾರಿಸಿ ತೋರಿಸುವರು. ನಾವು ಬಾಯಿ ತೆರೆದು ನೋಡುವೆವು. ಪಾಠದ ಕೊನೆಗೆ ಒಂದು ಎಚ್ಚರಿಕೆ ತಪ್ಪದೆ ಇರುತ್ತಿತ್ತು.

“ಆಟೋಮ್ಯಾಟಿಕ್ ಅಂದ್ರ ಗಡಿಯಾರ ಇದ್ದಂಗ ನೋಡ್ರಿ. ಒಂದೀಟು ಕಸ ಹೋತಂದ್ರ ನಿಂತ ಬಿಡ್ತದ.”

ವಕೀಲರು ತೀರಿಕೊಂಡರು. ಕ್ಯಾಟಲಾಗುಗಳನ್ನು ಇಲಿ ತಿಂದವು. ಈಗ ಅಂಗಡಿಯ ಕಟ್ಟೆಯ ಮೇಲೆ ಹುಡುಗರು ಕೂತು ಟಾಕಿ ಸಿನಿಮಾದ ಮಾತಾಡುತ್ತಾರೆ. ಮಾತಾಡಲಿ ಪಾಪ. ಆದರೆ ಅಂಥ ಸಂಜೆ ನನಗೆ ಮತ್ತೆ ಸಿಕ್ಕಿಲ್ಲ.

ಇಂಥ ಪಂಡಿತರ ಪಿಸ್ತೂಲಿನಲ್ಲಿ ಕುಂಕುಮ ಹೇಗೆ ಬಂತು?

ದಸರೆಯ ಹಿಂದಿನ ದಿನ, ಖಂಡೇನವಮಿಗೆ, ಮಾವನ ಮನೆಯಲ್ಲಿ ವರ್ಷವರ್ಷವೂ ಆಯುಧಗಳ ಪೂಜೆ. ಕುಡಗೋಲು, ಕೊಡಲಿ, ಅಜ್ಜನ ಕಾಲದ ಕತ್ತಿ, ನಡುವೆ ನಮ್ಮ ಬೆಲ್ಜಿಯಂ. ಅತ್ತೆ ತುಪ್ಪದಲ್ಲಿ ಕಲಸಿದ ಕುಂಕುಮ ಹಚ್ಚಿ, ಅರಿಸಿನ ಏರಿಸಿ, ಕಾಯಿ ಒಡೆದ ನೀರು ಬಿಡುವರು. ಮಾವ ಪಕ್ಕದಲ್ಲಿ ಕೂತು, “ಇನ್ನೊಂದಿಷ್ಟು ಹಚ್ಚು” ಎನ್ನುವರು. ಗಡಿಯಾರದ ಪಾಠ ಹೇಳಿದ ಬಾಯಿಯೇ ಇದು? ನನಗೆ ಮೈಯೆಲ್ಲ ಉರಿಯುತ್ತಿತ್ತು. ಒಮ್ಮೆ ಕೇಳಿಯೂ ಇದ್ದೆ. “ದೇವರ ಕೆಲಸ, ಸುಮ್ಮನಿರು” ಎಂದು ಬಾಯಿ ಮುಚ್ಚಿಸಿದರು.

ಈ ಸಲವೂ ಹಾಗೇ. ಕಚೇರಿಗೆ ಹೊರಡುವ ಮುಂಚೆ ಸೀಮೆಎಣ್ಣೆಯಲ್ಲಿ ತೊಳೆದುಕೊಡುತ್ತೇನೆ ಎಂದೆ. ಮುಟ್ಟಲು ಬಿಡಲಿಲ್ಲ.

ರಸೀದಿ ಜೇಬಿಗಿಟ್ಟು ಮಾವ ನನ್ನ ಜೊತೆಗೆ ಸೊಲ್ಲಾಪುರದ ಸರ್ವಿಸ್ ಮೋಟಾರು ಹತ್ತಿದರು. ಕುಂಭಾರಿಯಲ್ಲಿ ಎಂಜಿನ್ನಿಗೆ ನೀರು ಹಾಕಲು ನಿಲ್ಲಿಸಿದಾಗ ಇಬ್ಬರೂ ಬೇವಿನ ಮರದ ಕೆಳಗೆ ಕೂತೆವು. ನನಗೆ ತಡೆಯಲಾಗಲಿಲ್ಲ.

“ಮಾವಾ, ತೊಳದಿದ್ರ ಮಾನಾ ಉಳೀತಿತ್ತಲ್ರಿ. ಎಲ್ಲಾರೂ ನಕ್ಕರು.”

“ನಗಲಿ ಬಿಡೋ ತಮ್ಮಾ.” ಜೇಬಿನ ರಸೀದಿ ತೆಗೆದು ನೋಡಿ ಮತ್ತೆ ಇಟ್ಟರು. “ಬಾವಿ ನೀರಿನ ಪಾಳಿ ಸಲುವಾಗಿ ನಂದೂ ನಿಮ್ಮ ಸಣ್ಣ ಮಾವಂದೂ ಜಗಳಾಗಿತ್ತು. ನೆನಪೈತೇನು?”

ನೆನಪಿದೆ. ಸಣ್ಣ ಮಾವ ಎಂದರೆ ಅವರ ಒಡಹುಟ್ಟಿದ ತಮ್ಮ. ಆ ಬೇಸಿಗೆ ಎರಡು ಮನೆಗಳ ನಡುವೆ ಮಾತೂ ಇರಲಿಲ್ಲ.

“ಸಿಟ್ಟಿನಾಗ ಇದನ್ನ ತಗೊಂಡು ಬಾವಿಗೆ ಹೋದೆ. ಅವ ಎದುರಿಗೇ ನಿಂತಿದ್ದ. ಟ್ರಿಗರ್ ಒತ್ತಿದೆ.”

ನಾನು ಅವರ ಮುಖ ನೋಡಲಾರದೆ ರಸ್ತೆ ನೋಡಿದೆ.

“ಹಾರಲಿಲ್ಲ. ಹಿಂದಿನ ದಸರಿ ಪೂಜಿ ಆದ ಮ್ಯಾಲ ಒರಸಿರಲಿಲ್ಲ ನಾ. ನಿಮಗ ಪಾಠಾ ಹೇಳೂದು ಬ್ಯಾರೆ, ಮಾಡೂದು ಬ್ಯಾರೆ. ನಿಮ್ಮ ಅತ್ತಿ ಹಚ್ಚಿದ್ದು ಒಳಗ ಗಟ್ಟಿಯಾಗಿ ಕುಂತಿತ್ತು. ಅವತ್ತಿಂದ ಅದನ್ನ ಒರಸಿಲ್ಲೋ ತಮ್ಮಾ. ನನ್ನ ಸಿಟ್ಟಿನ ಭರವಸಾ ನನಗಿಲ್ಲ.”

“ಸಣ್ಣ ಮಾವ ಏನಂದ್ರು?”

“ಏನೂ ಅನಲಿಲ್ಲ. ಮುಂದ ದಸರಿಗೆ ಬನ್ನಿ ತಗೊಂಡು ಎಲ್ಲಾರಕಿಂತ ಮೊದಲ ನನ್ನ ಬಾಗಿಲಿಗೆ ಬಂದ. ಇವತ್ತಿನ ತನಕಾ ಅವನೇ ಮೊದಲ ಬರ್ತಾನ.”

ಈ ದಸರೆಗೂ ಬಂದಿದ್ದರು. ಬನ್ನಿ ಎಲೆ ಕೈಗಿಟ್ಟು ಅಣ್ಣನ ಕಾಲು ಮುಟ್ಟಿದರು. ಮಾವ ಅವರನ್ನು ಎತ್ತಿ ಅಪ್ಪಿಕೊಂಡು ಎಷ್ಟು ಹೊತ್ತಾದರೂ ಬಿಟ್ಟಿರಲಿಲ್ಲ. ವಯಸ್ಸಾಯಿತು, ಮನಸ್ಸು ಮೆತ್ತಗಾಗಿದೆ ಎಂದುಕೊಂಡಿದ್ದೆ ನಾನು. ಎಂಥ ಕುರುಡ!

(ಇದನ್ನೆಲ್ಲ ಬರೆಯಬಹುದೇ ಎಂದು ಕೇಳಿದೆ. “ಬರಿ, ಹೆಸರ ಹಾಕಬ್ಯಾಡ” ಎಂದರು. ಹಾಕಿಲ್ಲ.)

ಸಂಜೆ ಅಂಗಡಿಯಲ್ಲಿ ಅಪ್ಪ ಕಾಯುತ್ತಿದ್ದರು. ಪಿಸ್ತೂಲು ಹೋದ ಸುದ್ದಿ ಕೇಳಿ ಚುಚ್ಚದೆ ಬಿಡುತ್ತಾರೆಯೇ?

“ಜರ್ಮನ್ ತಗೋರಿ ಅಂತ ಅವತ್ತ ಹೇಳಿದ್ದೆ, ನೀವು ಕೇಳಲಿಲ್ಲ” ಎಂದರು. ಮಾವ ನಕ್ಕರು. ಅಪ್ಪ ನನ್ನ ಕಡೆ ತಿರುಗಿದರು. “ನೀನ ಹೇಳೋ, ಎಲ್ಲಾದರಾಗ ಚಲೋ ಪಿಸ್ತೂಲು ಯಾವುದು?”

ಇಷ್ಟು ವರ್ಷ ಅಮೇರಿಕದ ಪಕ್ಷದಲ್ಲಿದ್ದವನು ನಾನು. ಅವತ್ತು ಪಕ್ಷ ಬಿಟ್ಟೆ.

“ಹಾರಲಾರದ್ದು, ಅಪ್ಪಾ.”