ನಾಹಿದಕ್ಕ ಕಡೆದ ಯುದ್ಧದಾನೆ

ನಾಹಿದಕ್ಕನ ಬಗ್ಗೆ ಬರೆಯುವ ಮೊದಲು ನನ್ನ ಹುಚ್ಚಿನ ಬಗ್ಗೆ ಎರಡು ಮಾತು ಹೇಳಲೇಬೇಕು. ನನ್ನ ಹೆಸರು ಪ್ರಭುಲಿಂಗ, ರಾಮನಗರದಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟಿದ್ದೇನೆ. ಭಾನುವಾರ ಮಧ್ಯಾಹ್ನ ಷಟರ್ ಎಳೆದು, ಮಹಡಿ ಮೇಲೆ ನಾವು ನಾಲ್ಕು ಜನ ಸೇರುತ್ತೇವೆ. ದೊಡ್ಡ ಮೇಜಿನ ಮೇಲೆ ಥರ್ಮಕೋಲಿನ ಬೆಟ್ಟ, ನೀಲಿ ಬಟ್ಟೆಯ ಹೊಳೆ, ಅದರ ಆಚೆಗೂ ಈಚೆಗೂ ಹೆಬ್ಬೆರಳುದ್ದದ ಸೈನಿಕರು. ಟೇಪು ಹಿಡಿದು ಅಳೆದು ಸೈನ್ಯವನ್ನು ಮುಂದೆ ಸರಿಸುವುದು, ಯಾರು ಸತ್ತರು ಯಾರು ಉಳಿದರು ಎಂದು ದಾಳ ಉರುಳಿಸಿ ತೀರ್ಮಾನಿಸುವುದು, ಇಷ್ಟೇ ಆಟ. ಮೀಸೆ ಬಂದವರ ಗೊಂಬೆಯಾಟ ಎಂದು ನನ್ನ ಹೆಂಡತಿ ಸೌಮ್ಯಶ್ರೀ ಹೇಳುತ್ತಾಳೆ. ಹೇಳಿಕೊಳ್ಳಲಿ.

ಉಳಿದ ಮೂವರದ್ದು ಹೊರದೇಶದಿಂದ ತರಿಸಿದ ಪ್ಲಾಸ್ಟಿಕ್ ಸೈನ್ಯ. ನನ್ನದು ಮಾತ್ರ ಮರದ್ದು, ಚನ್ನಪಟ್ಟಣದಲ್ಲಿ ಕಡೆದದ್ದು. ಅರವತ್ತು ಕಾಲಾಳು, ಹದಿನಾರು ಕುದುರೆ, ಒಂದೊಂದೂ ನಾಹಿದಕ್ಕನ ಕೈಯಿಂದ ಬಂದದ್ದು. ಆದರೆ ಯಾವ ಸೈನ್ಯಕ್ಕಾದರೂ ನಡುವೆ ಕಣ್ಣು ಕುಕ್ಕುವಂಥ ಒಂದು ದೊಡ್ಡ ಗೊಂಬೆ ಬೇಕು. ಆ ಮೂವರಲ್ಲೊಬ್ಬನಾದ ರೇಷ್ಮೆಗೂಡಿನ ವ್ಯಾಪಾರಿ ಮುತ್ತುರಾಜು ರೆಕ್ಕೆ ಬಿಚ್ಚಿದ ಡ್ರ್ಯಾಗನ್ ತಂದು ನಿಲ್ಲಿಸಿದ ದಿನ ನನ್ನ ಸೈನ್ಯ ನೋಡಿ, "ಏನ್ಲಾ ಪ್ರಭು, ನಿನ್ನವು ಇನ್ನೂ ತೊಟ್ಲು ಬುಟ್ಟು ಇಳ್ದೇ ಇಲ್ವಲ್ಲ" ಅಂದ. ಮೈಯೆಲ್ಲ ಉರಿದುಹೋಯಿತು. ಮಾರನೆಯ ದಿನವೇ ಚನ್ನಪಟ್ಟಣದ ಬಸ್ಸು ಹತ್ತಿದೆ.

ನಾಹಿದಕ್ಕನಿಗೆ ಐವತ್ನಾಲ್ಕು. ಮನೆಯ ಮುಂದಿನ ಸಣ್ಣ ಕೋಣೆಯಲ್ಲೇ ಮರ ತಿರುಗಿಸಿ ಕಡೆಯುವ ಲೇತು. ಮೂವತ್ತು ವರ್ಷದಿಂದ ಮಣಿ, ಬಳೆ, ಮಕ್ಕಳು ದಾರ ಕಟ್ಟಿ ಎಳೆಯುವ ಅಂಗೈಯಗಲದ ಬಾತುಕೋಳಿ, ಆನೆ, ನನ್ನ ಸೈನ್ಯ ಬಿಟ್ಟರೆ ಇವನ್ನೇ ಕಡೆಯುತ್ತ ಬಂದವರು. ದೊಡ್ಡ ಸಾಮಾನೆಲ್ಲ ಗಂಡಸರ ಲೇತಿಗೆ ಹೋಗುತ್ತದೆ. ಹಾಗೆಂದು ಯಾರೂ ಬಾಯಿಬಿಟ್ಟು ಹೇಳಿದ್ದಿಲ್ಲ, ಯಾರೂ ಕೇಳಿದ್ದೂ ಇಲ್ಲ. ನಾನೇ ಮೊದಲು ಕೇಳಿದೆ: ಒಂದು ಗೇಣೆತ್ತರದ ಯುದ್ಧದಾನೆ, ಮೇಲೆ ಅಂಬಾರಿ, ಒಳಗೆ ಇಬ್ಬರು ಬಿಲ್ಲುಗಾರರು.

ಅವರು ಎದ್ದು ಒಳಗೆ ಹೋಗಿ ಮಂಚದ ಕೆಳಗಿನಿಂದ ಒಂದು ಆಲೆಮರದ ತುಂಡು ಎಳೆದು ತಂದರು. ಚನ್ನಪಟ್ಟಣದ ಗೊಂಬೆ ಕಡೆಯುವುದು ಈ ಮೆದು ಮರದಲ್ಲೇ, ಆದರೆ ಅಷ್ಟು ದಪ್ಪದ್ದು ಈಗ ಸುಲಭಕ್ಕೆ ಸಿಗುವುದಿಲ್ಲ. ಅವರ ತಂದೆ ಹಬೀಬ್ ಸಾಬರು ಇಟ್ಟುಹೋದದ್ದಂತೆ, ಹನ್ನೊಂದು ವರ್ಷದಿಂದ ಒಣಗುತ್ತಿತ್ತು. ತುಂಡಿನ ಕೊಯ್ದ ಮುಖವನ್ನು ಕೆನ್ನೆಗೆ ಒತ್ತಿಕೊಂಡು ನೋಡಿದರು. ಒಳಗೆ ಹಸಿ ಇದ್ದರೆ ಕೆನ್ನೆಗೆ ತಣ್ಣಗೆ ಹತ್ತುತ್ತದೆ.

"ಚೆನ್ನಾಗ್ ಒಣಗೈತೆ ಪ್ರಭಣ್ಣ. ಆದ್ರೆ ಇದೊಂದೇ ಇರೋದು. ಸೀಳ್ಕೊಂಡ್ರೆ ಇನ್ನೊಂದು ಎಲ್ಲಿಂದ ತರ್ಲಿ?"

"ಹಂಗಿದ್ರೆ ಬ್ಯಾಡ ಬುಡಿ ಅಕ್ಕ, ಸಣ್ಣ ತುಂಡುಗಳ್ನೇ ಅಂಟು ಹಾಕಿ ಜೋಡ್ಸಿದ್ರಾಯ್ತು."

"ಜೋಡ್ಸೋದ್ ಯಾರ್ ಬೇಕಾದ್ರೂ ಜೋಡುಸ್ತಾರೆ. ನಂಗೆ ದೊಡ್ಡದು ಒಂದಾದ್ರೂ ಕಡೀಬೇಕು ಅಂತ ಆಸೆ ಐತೆ. ಅಪ್ಪ ಇದ್ದಾಗಿಂದ್ಲೂ ಐತೆ."

ಆನೆಯ ಹೊಟ್ಟೆ ಕಡೆದ ದಿನ ನಾನು ಅಲ್ಲೇ ಬಾಗಿಲಲ್ಲಿ ಕೂತಿದ್ದೆ. ಎರಡು ಗಂಟೆ ಅವರು ಮಾತಾಡಲಿಲ್ಲ. ನಾನೂ ಆಡಲಿಲ್ಲ, ನನ್ನ ಬಾಯಿ ಬಲ್ಲವರಿಗೆ ಅದೇ ಒಂದು ಪವಾಡ. ಅವರ ಉಳಿ ಎಲ್ಲೂ ತಡವರಿಸಲಿಲ್ಲ. ತಿರುಗುವ ಮರಕ್ಕೆ ಕಪ್ಪು ಅರಗಿನ ಕಡ್ಡಿ ಒತ್ತಿದರೆ ಆ ತಿಕ್ಕಾಟದ ಬಿಸಿಗೇ ಅರಗು ಕರಗಿ ಹತ್ತುತ್ತದೆ, ಮೇಲೆ ಒಣಗಿದ ಕೇದಗೆ ಗರಿಯಿಂದ ಉಜ್ಜಿದರೆ ಹೊಳಪು. ಲೇತು ನಿಂತಾಗ ಹೊಟ್ಟೆಯ ಮೇಲೆ ನನ್ನ ಮುಖ ಕಾಣುತ್ತಿತ್ತು. ಒಂದು ಕೂದಲೆಳೆಯಷ್ಟೂ ಬಿರುಕು ಇರಲಿಲ್ಲ. ಅಬ್ಬಾ, ಆ ಕೈಗೆ ಸಲಾಂ ಅಂದುಕೊಂಡು ಮನೆಗೆ ಬಂದೆ.

ಮುಂದಿನ ವಾರ ಹೋದಾಗ ಕಾಲು, ತಲೆ, ಸೊಂಡಿಲು ಎಲ್ಲ ಕೂತು ಆನೆ ನಿಂತಿತ್ತು. ಎತ್ತಿಕೊಂಡು ತಿರುಗಿಸಿ ನೋಡುತ್ತೇನೆ, ಎದೆಯ ನಟ್ಟನಡುವೆ ಪೆನ್ಸಿಲ್ ತೂರುವಷ್ಟು ತೂತು. ದಾರ ಕಟ್ಟಿ ಎಳೆಯುವ ತೂತು.

ನನ್ನ ಸಿಟ್ಟು ಮೊದಲೇ ಮೂಗಿನ ತುದಿಯಲ್ಲಿರುತ್ತದೆ. "ಇದೇನ್ ನಾಹಿದಕ್ಕ? ಯುದ್ಧಕ್ಕೆ ಹೋಗೋ ಆನೇನ ದಾರ ಕಟ್ಟಿ ಎಳ್ಕೊಂಡ್ ಹೋಗ್ಲಾ?" ಅಂದೆ. ಅಲ್ಲಿಗೆ ನಿಲ್ಲಿಸಿದ್ದರೆ ಆಗುತ್ತಿತ್ತು. "ಅದಕ್ಕೇ ನಿಮಗೆ ಯಾರೂ ದೊಡ್ಡ ಕೆಲ್ಸ ಕೊಡಲ್ಲ ಅಂತ ಕಾಣ್ತದೆ" ಎಂದೂ ಅಂದುಬಿಟ್ಟೆ. ಆ ಮಾತಿಗೆ ನನ್ನ ನಾಲಿಗೆಗೆ ಬರೆ ಹಾಕಬೇಕಿತ್ತು.

ಅವರು ಆನೆಯನ್ನು ನನ್ನ ಕೈಯಿಂದ ತೆಗೆದುಕೊಂಡು ತೂತಿನ ಮೇಲೆ ಬೆರಳಾಡಿಸಿದರು. ಅದು ಅವರ ಕಣ್ಣಿಗೂ ಮೊದಲ ಸಲ ಬಿದ್ದದ್ದು ಆಗಲೇ.

"ಕೈ ತಾನಾಗೇ ಕೊರ್ದ್ಬುಟೈತೆ ಅಣ್ಣ. ಆನೆ ಅಂದ್ರೆ ಎದೇಲಿ ತೂತು, ಅಷ್ಟೇ ಗೊತ್ತು ಈ ಕೈಗೆ" ಎಂದರು. ಧ್ವನಿ ಸಣ್ಣಗಾಗಿತ್ತು. "ಒಂದ್ ವಾರ ಬುಟ್ಟು ಬನ್ನಿ."

ಬಸ್ಸಿನಲ್ಲಿ ಬರುವಾಗ ನನಗೆ ನಾಚಿಕೆಯಾಯಿತು. ತೊಟ್ಟಿಲ ಗೊಂಬೆ ಎಂದು ಮುತ್ತುರಾಜು ಅಂದದ್ದಕ್ಕೆ ಉರಿದುಬಿದ್ದವನು ನಾನು. ಮೂವತ್ತು ವರ್ಷ ಕಾದು, ಇದ್ದೊಂದು ಮರವನ್ನು ನನ್ನ ಹುಚ್ಚಿಗೆ ಕೊಟ್ಟವರಿಗೆ ಅದಕ್ಕಿಂತ ಕೀಳಾಗಿ ಮಾತಾಡಿ ಬಂದಿದ್ದೆ.

ವಾರ ಕಳೆದು ಹೋದವನು ಆನೆಯ ಕಡೆ ನೋಡುವ ಮೊದಲೇ, "ತಪ್ಪಾಯ್ತು ಅಕ್ಕ, ಆವತ್ತು ಬಾಯಿಗೆ ಬಂದಂಗೆ ಅಂದ್ಬುಟ್ಟೆ" ಎಂದೆ. ಅವರು, "ಮೊದ್ಲು ಇದನ್ನ ನೋಡಿ" ಎಂದರು.

ತೂತಿನಲ್ಲಿ ಒಂದು ಸಣ್ಣ ಗೂಟ ಕೂತು ಹೊರಗೆ ಚಾಚಿತ್ತು. ಅದರ ಸುತ್ತ ಉಂಗುರದಷ್ಟು ಸಣ್ಣ ಮೂರು ಹಳದಿ ಬಳೆ, ಒಂದಕ್ಕೊಂದು ಅಂಟದೆ ಸಡಿಲವಾಗಿ ಆಡುತ್ತಿದ್ದವು. ಗೂಟದ ತುದಿಯ ಗುಂಡು ಬಳೆಗಿಂತ ದಪ್ಪ. ಹಾಗಾದರೆ ಬಳೆ ಒಳಗೆ ಹೋದದ್ದು ಹೇಗೆ? ಹೋದದ್ದೇ ಅಲ್ಲ. ಅದೇ ಮರದ ಉಳಿದ ಚೂರಿನಲ್ಲಿ ಗೂಟ ಕಡೆಯುತ್ತಲೇ, ಅದರ ಮೈಯಿಂದ ಮೂರು ಬಳೆಗಳನ್ನು ಮುರಿಯದೆ ಬಿಡಿಸಿದ್ದರು. ಗೋಧಿ ಕಾಳಿನಷ್ಟು ದಪ್ಪವಿಲ್ಲದ ಬಳೆಗಳು. ಆನೆಯನ್ನು ಅಲ್ಲಾಡಿಸಿದರೆ ಎದೆಯಲ್ಲಿ ಕಟಕಟ ಎಂದವು.

"ಮುಚ್ಚಿ ಅರಗು ಬಳ್ದುಬುಟ್ಟಿದ್ರೆ ಯಾರ್ಗೂ ಗೊತ್ತಾಯ್ತಿರ್ಲಿಲ್ವಲ್ಲಕ್ಕ?"

"ನಂಗೆ ಗೊತ್ತಿರ್ತಿತ್ತಲ್ಲ" ಎಂದರು. ಆಮೇಲೆ ಸೆರಗು ಸರಿಮಾಡಿಕೊಳ್ಳುತ್ತ, "ನಿಮ್ಮ ಯುದ್ಧಕ್ಕೆ ಹೆಂಗಸ್ರು ಬರ್ಬೋದಾ?" ಎಂದು ಕೇಳಿದರು.

ಭಾನುವಾರ ಅವರೊಬ್ಬರೇ ಬಸ್ಸಿನಲ್ಲಿ ಬಂದರು. ಸೌಮ್ಯಶ್ರೀ ಮೇಲೆ ಕರೆತಂದು ಕುರ್ಚಿ ಹಾಕಿದಳು. ಮುತ್ತುರಾಜು ಅಂಬಾರಿ, ಬಿಲ್ಲುಗಾರರ ಸಮೇತ ಆನೆಯನ್ನು ಎತ್ತಿ ನೋಡಿದ, ಬಳೆ ಜಗ್ಗಿ ನೋಡಿದ, ಬಿಚ್ಚಲು ಬರುತ್ತದೋ ಎಂದು ತಿರುಗಿಸಿ ನೋಡಿದ. ಕೊನೆಗೆ ಎರಡು ಕೈಯಲ್ಲಿ ಹಿಡಿದು ಮೆಲ್ಲಗೆ ಕೆಳಗಿಟ್ಟ. ತೊಟ್ಟಿಲ ಮಾತು ಅವನ ಬಾಯಿಂದ ಬರಲಿಲ್ಲ.

ಆಟ ಮಾತ್ರ ನನ್ನ ಹಣೆಬರಹದಂತೆ ಆಯಿತು. ಹೊಳೆ ದಾಟಿಸಲು ಅವಸರಪಟ್ಟೆ, ಎರಡೇ ಸುತ್ತಿಗೆ ಡ್ರ್ಯಾಗನ್ ಬಾಯಿಗೆ ಆನೆ ಸಿಕ್ಕಿತು, ದಾಳ ಕೈಕೊಟ್ಟಿತು. ಸತ್ತ ಗೊಂಬೆ ಮೇಜಿನ ಮೇಲೆ ಇರುವಂತಿಲ್ಲ. ನಾಹಿದಕ್ಕನ ಮುಖ ನೋಡಲಾಗದೆ ನಾನು ಅದನ್ನು ಎತ್ತಿ ಪೆಟ್ಟಿಗೆಯೊಳಗೆ ಇಡಲು ಹೋದೆ.

"ಅಣ್ಣ, ಒಸಿ ಅಲ್ಲೇ ಇರ್ಲಿ" ಎಂದು ಅವರು ಎದ್ದರು.

ಮುತ್ತುರಾಜು ತನ್ನ ಡ್ರ್ಯಾಗನ್ನನ್ನು ಪಕ್ಕಕ್ಕೆ ಸರಿಸಿ ಜಾಗ ಮಾಡಿದ. ನಾನು ಆನೆಯನ್ನು ಮತ್ತೆ ಹೊಳೆಯ ದಡದಲ್ಲಿ ನಿಲ್ಲಿಸಿದೆ. ನಾಹಿದಕ್ಕ ಮೇಜಿನ ಸುತ್ತ ನಿಧಾನವಾಗಿ ಒಂದು ಸುತ್ತು ಬಂದರು, ಆಮೇಲೆ ಕಿಟಕಿಯ ತನಕ ಹಿಂದೆ ಸರಿದು ಅಲ್ಲಿಂದಲೂ ನೋಡಿದರು. ಆಟ ನಿಂತಿತ್ತು, ಯಾರೂ ಅವಸರ ಮಾಡಲಿಲ್ಲ.

"ಇಷ್ಟು ದೊಡ್ಡದು ಮಾಡ್ಬಲ್ಲೆ ಅಂತ ನಂಗೆ ಗೊತ್ತಿತ್ತು ಪ್ರಭಣ್ಣ" ಎಂದರು. "ನೋಡಿರ್ಲಿಲ್ಲ ಅಷ್ಟೇ."